ಪರ್ಷಿಯಾದ ದೊರೆಗಳು: ಹೊಗಳಿದವರು ಯಾರು, ತೆಗಳಿದವರು ಯಾರು?

ಪ್ರಾಚೀನ ಪರ್ಷಿಯಾದ ಅರಸರ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಸೈರಸ್ ದಯಾಳು, ಅವನ ಮಗ ಕ್ಯಾಂಬಿಸಿಸ್ ಹುಚ್ಚ, ಡೇರಿಯಸ್ ಚತುರ, ಕ್ಸರ್ಕ್ಸೀಸ್ ಸೊಕ್ಕಿನವನು. ಶಾಲೆಯ ಪುಸ್ತಕಗಳ ತನಕ ಬಂದಿರುವ ಈ ಹಣೆಪಟ್ಟಿಗಳನ್ನು ಅಂಟಿಸಿದವರು ಯಾರು ಎಂಬುದೇ ಹೆಚ್ಚಿನ ಪತ್ರಗಳ ತಿರುಳು.

ಪ್ರಶ್ನೆ: ‘ಸೈರಸ್ ಸಿಲಿಂಡರ್’ ಜಗತ್ತಿನ ಮೊಟ್ಟಮೊದಲ ಮಾನವ ಹಕ್ಕುಗಳ ಘೋಷಣೆ, ಅದರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ ಸಾಲಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ನಿಜವೇ? (ಮೈಸೂರಿನಿಂದ)

ಉತ್ತರ: ಇಲ್ಲ. ಅಂಥ ಸಾಲು ಅದರ ಮೇಲೆ ಎಲ್ಲೂ ಇಲ್ಲ. ನಿಮಗೆ ಬಂದಿರುವ ‘ಅನುವಾದ’ ಯಾರೋ ಹೊಸೆದದ್ದು. ಪತ್ತೆ ಹಚ್ಚಲು ಸುಲಭದ ದಾರಿಯೊಂದಿದೆ. ಆ ಅನುವಾದದಲ್ಲಿ ಪರ್ಷಿಯನ್ನರ ದೇವರು ಅಹುರಮಜ್ದನ ಹೆಸರಿದ್ದರೆ ಅಲ್ಲಿಗೇ ಕೈಬಿಡಿ. ನಿಜವಾದ ಪಠ್ಯದಲ್ಲಿ ಆ ದೇವರ ಸುಳಿವೇ ಇಲ್ಲ. ಅಲ್ಲಿ ಸೈರಸನನ್ನು ಕೈಹಿಡಿದು ನಡೆಸುವುದು ಬ್ಯಾಬಿಲೋನಿನ ದೇವರು ಮಾರ್ದುಕ್.

ವಸ್ತು ಇಷ್ಟೇ: ಪೀಪಾಯಿಯ ಆಕಾರದ, ಸುಟ್ಟ ಜೇಡಿಮಣ್ಣಿನ ಒಂದು ಉರುಳೆ, ಉದ್ದ ಒಂದು ಗೇಣು (ಸುಮಾರು 22.5 ಸೆಂ.ಮೀ.). 1879ರಲ್ಲಿ ಹೊರ್ಮುಜ್ದ್ ರಸ್ಸಾಮ್ ನಡೆಸಿದ ಉತ್ಖನನದಲ್ಲಿ ಬ್ಯಾಬಿಲೋನಿನಲ್ಲಿ ಸಿಕ್ಕಿತು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬೆಣೆಲಿಪಿಯಲ್ಲಿ, ಅಕ್ಕಾಡಿಯನ್ ಭಾಷೆಯ ಬ್ಯಾಬಿಲೋನಿಯನ್ ರೂಪದಲ್ಲಿ 45 ಸಾಲುಗಳಿವೆ. ಕೊನೆಯ ಸಾಲುಗಳಿದ್ದ ತುಣುಕು ಅಮೆರಿಕದ ಯೇಲ್ ಸಂಗ್ರಹದಲ್ಲಿತ್ತು; ಅದು ಇದರದೇ ಮುರುಕು ಎಂದು ಗೊತ್ತಾದದ್ದು 1970ರ ದಶಕದಲ್ಲಿ.

ಮೊದಲ 19 ಸಾಲು ಸೈರಸನಿಗೆ ಸೋತ ಬ್ಯಾಬಿಲೋನಿನ ದೊರೆ ನಬೊನಿಡಸ್‌ನ ನಿಂದೆ ಮತ್ತು ಮಾರ್ದುಕನ ಕೋಪದ ಕತೆ. 20ನೇ ಸಾಲಿನಿಂದ ‘ನಾನು ಸೈರಸ್’ ಎಂದು ಮೊದಲಾಗುತ್ತದೆ. ಬೇರೆ ಊರುಗಳಿಂದ ತಂದಿಟ್ಟಿದ್ದ ದೇವರ ಮೂರ್ತಿಗಳನ್ನು ವಾಪಸು ಕಳಿಸಿದೆ, ಅಲ್ಲಲ್ಲಿಯ ಜನರನ್ನು ಅವರವರ ನೆಲೆಗೆ ಸೇರಿಸಿದೆ ಎಂಬ ಮಾತು 30ನೇ ಸಾಲಿನ ಆಸುಪಾಸಿನಲ್ಲಿದೆ. ಹೆಸರಿಸಿರುವ ಊರುಗಳು ಅಶ್ಶೂರ್, ಸೂಸಾ, ಎಶ್ನುನ್ನ, ದೇರ್ ಮುಂತಾದವು. ಎಲ್ಲವೂ ಟೈಗ್ರಿಸ್ ನದಿಯ ಆಸುಪಾಸು ಮತ್ತು ಅದರ ಪೂರ್ವಕ್ಕೆ. ಜೆರುಸಲೇಮ್ ಇಲ್ಲ, ಯೆಹೂದಿಗಳ ಪ್ರಸ್ತಾಪವೂ ಇಲ್ಲ. ಕೊನೆಗೆ ನಗರದ ಕೋಟೆಗೋಡೆಯ ದುರಸ್ತಿ, ಅಲ್ಲಿ ಹಿಂದಿನ ದೊರೆ ಅಶ್ಶೂರ್‌ಬನಿಪಾಲನ ಶಾಸನ ಕಂಡ ಸಂಗತಿ.

ಹೊಸ ಅರಸ ಪಟ್ಟಕ್ಕೆ ಬಂದಾಗ ಕಟ್ಟಡದ ಬುಡದಲ್ಲಿ ಇಂಥದೊಂದು ಬರಹವನ್ನು ಹೂಳಿಸುವುದು ಬ್ಯಾಬಿಲೋನಿನ ಹಳೆಯ ವಾಡಿಕೆ. ಗೆದ್ದವನ ಪರವಾಗಿ ಅಲ್ಲಿನ ಪೂಜಾರಿಗಳೇ ತಮ್ಮ ಧಾಟಿಯಲ್ಲಿ ಬರೆದುಕೊಟ್ಟದ್ದು ಎಂದರೆ ತಪ್ಪಾಗದು. ಅದೇ ಪಠ್ಯವಿರುವ ಎರಡು ಫಲಕಚೂರುಗಳು ಬ್ರಿಟಿಷ್ ಮ್ಯೂಸಿಯಂನ ದಾಸ್ತಾನಿನಲ್ಲೇ ಪತ್ತೆಯಾದ ಸುದ್ದಿ 2010ರಲ್ಲಿ ಹೊರಬಂತು. ಹೂಳಿಟ್ಟದ್ದಷ್ಟೇ ಅಲ್ಲ, ಪ್ರತಿ ಮಾಡಿ ಹಂಚಿಯೂ ಇದ್ದರು. ‘ಮಾನವ ಹಕ್ಕು’ ಎಂಬ ಬಿರುದು ತೀರಾ ಈಚಿನದು. 1971ರಲ್ಲಿ ಇರಾನಿನ ಷಾ 2500 ವರ್ಷಗಳ ರಾಜತ್ವದ ಉತ್ಸವ ನಡೆಸಿದಾಗ ಸಿಲಿಂಡರನ್ನು ಲಾಂಛನ ಮಾಡಿಕೊಂಡ. ಅದರ ಪ್ರತಿಕೃತಿ ಅದೇ ವರ್ಷ ವಿಶ್ವಸಂಸ್ಥೆ ಸೇರಿತು. 2013ರ ಡಿಸೆಂಬರಿನಲ್ಲಿ ಮೂಲ ಸಿಲಿಂಡರೇ ಮುಂಬಯಿಗೆ ಪ್ರದರ್ಶನಕ್ಕೆ ಬಂದಿತ್ತು.

ಪ್ರಶ್ನೆ: ಹಾಗಾದರೆ ಸೈರಸನ ಒಳ್ಳೆಯತನವೆಲ್ಲ ಬರೀ ಪ್ರಚಾರವೇ? ಅವನು ಸತ್ತದ್ದು ಹೇಗೆ? (ಶಿವಮೊಗ್ಗದಿಂದ)

ಉತ್ತರ: ಪೂರ್ತಿ ಪ್ರಚಾರವೆಂದು ತಳ್ಳಿಹಾಕಲು ಬರುವುದಿಲ್ಲ. ಬ್ಯಾಬಿಲೋನಿನವರೇ ವರ್ಷವಾರು ಬರೆದಿಟ್ಟ ‘ನಬೊನಿಡಸ್ ವೃತ್ತಾಂತ’ ಎಂಬ ಒಣ ದಾಖಲೆಯೊಂದಿದೆ. ಹೊಗಳಿಕೆಯಿಲ್ಲ, ಬೈಗುಳವೂ ಕಡಿಮೆ. ಅದರ ಪ್ರಕಾರ ಕ್ರಿ.ಪೂ. 539ರ ಅಕ್ಟೋಬರಿನಲ್ಲಿ ಓಪಿಸ್ ಎಂಬ ಊರಿನ ಬಳಿ ಕಾಳಗ, ಲೂಟಿ, ಕಗ್ಗೊಲೆ ನಡೆದವು. ಸಿಪ್ಪಾರ್ ನಗರ ಕಾದಾಟವಿಲ್ಲದೆ ಶರಣಾಯಿತು. ಅಕ್ಟೋಬರ್ 12ರಂದು ಸೈರಸನ ಸೇನಾನಿ ಬ್ಯಾಬಿಲೋನನ್ನು ಹೊಕ್ಕ, 29ರಂದು ಸೈರಸ್ ಬಂದ. ‘ಕಾಳಗವಿಲ್ಲದೆ ಒಳಬಂದೆ’ ಎಂದು ಸಿಲಿಂಡರ್ ಹೇಳುವುದು ಸುಳ್ಳಲ್ಲ. ಓಪಿಸ್‌ನ ರಕ್ತ ಮಾತ್ರ ಅದರಲ್ಲಿಲ್ಲ.

ಬೈಬಲಿನಲ್ಲಿ ಅವನು ಅಭಿಷಿಕ್ತ (ಯೆಶಾಯ 45:1), ಏಕೆಂದರೆ ಯೆಹೂದಿಗಳು ಮರಳಿ ಊರು ಸೇರಿದ್ದು ಅವನ ಕಾಲದಲ್ಲಿ. ಗ್ರೀಕರ ಜೆನೊಫನ್ ಅವನನ್ನು ಆದರ್ಶ ದೊರೆಯ ಪಾತ್ರವಾಗಿಸಿ ದೊಡ್ಡ ಗ್ರಂಥವನ್ನೇ ಬರೆದ; ಚರಿತ್ರೆಗಿಂತ ನೀತಿಬೋಧೆಯ ಪಾಲು ಅದರಲ್ಲಿ ಹೆಚ್ಚು. ಸಾವಿನ ಮಟ್ಟಿಗೆ ಗ್ರೀಕ್ ಬರಹಗಾರರಾದ ಹೆರೊಡೊಟಸ್, ಕ್ಟೀಸಿಯಸ್, ಜೆನೊಫನ್ ಮೂವರದು ಮೂರು ದಾರಿ. ಹೆರೊಡೊಟಸ್‌ನಲ್ಲಿ ಮಸಗೆಟೆ ಜನರ ರಾಣಿ ತೊಮಿರಿಸ್‌ಳೊಂದಿಗಿನ ಯುದ್ಧದಲ್ಲಿ ಬೀಳುತ್ತಾನೆ. ಕ್ಟೀಸಿಯಸ್‌ನಲ್ಲಿ ದೆರ್ಬಿಕೆಸ್ ಎಂಬವರ ಮೇಲಿನ ಯುದ್ಧದ ಗಾಯದಿಂದ ಸಾಯುತ್ತಾನೆ. ಶತ್ರುಗಳ ಪರವಾಗಿ ಭಾರತದವರು ಆನೆ ತಂದಿದ್ದರಂತೆ! ಜೆನೊಫನ್‌ನಲ್ಲಿ ಹಾಸಿಗೆಯ ಮೇಲೆ, ಮಕ್ಕಳಿಗೆ ಉಪದೇಶ ಮಾಡುತ್ತ ಕಣ್ಣು ಮುಚ್ಚುತ್ತಾನೆ. ತಾನು ಕೇಳಿದ ಹಲವು ಕತೆಗಳಲ್ಲಿ ನಂಬಲು ಯೋಗ್ಯವೆನಿಸಿದ್ದನ್ನು ಹೇಳಿದ್ದೇನೆ ಎಂದು ಹೆರೊಡೊಟಸ್ ಒಪ್ಪಿಕೊಂಡಿದ್ದಾನೆ. ಖಚಿತವಾದದ್ದು ವರ್ಷ ಮಾತ್ರ, ಕ್ರಿ.ಪೂ. 530. ಅದನ್ನು ಕೊಡುವುದು ಬ್ಯಾಬಿಲೋನಿನ ವ್ಯವಹಾರ ಪತ್ರಗಳು: ಸಾಲದ ಕರಾರಿನ ಮೇಲೆ ದೊರೆಯ ಹೆಸರು ಸೈರಸ್ ಇದ್ದದ್ದು ಕ್ಯಾಂಬಿಸಿಸ್ ಎಂದು ಬದಲಾಗುತ್ತದೆ, ಅಷ್ಟೇ.

ಪ್ರಶ್ನೆ: ಕ್ಯಾಂಬಿಸಿಸ್ ಈಜಿಪ್ಟಿನ ಪವಿತ್ರ ಹೋರಿಯನ್ನು ಇರಿದು ಕೊಂದ ಹುಚ್ಚ ಎಂದು ಓದಿದ್ದೇನೆ. ಅದಕ್ಕೆ ಪುರಾವೆ ಇದೆಯೇ? (ಧಾರವಾಡದಿಂದ)

ಉತ್ತರ: ಪುರಾವೆ ಇದೆ, ಆದರೆ ಕತೆಗೆ ವಿರುದ್ಧವಾಗಿ. ಈಜಿಪ್ಟನ್ನು ಗೆದ್ದ ಮೇಲೆ ಇಥಿಯೋಪಿಯಾದ ದಂಡಯಾತ್ರೆಯಲ್ಲಿ ಸೋತು ಮೆಂಫಿಸ್‌ಗೆ ಮರಳಿದ ಕ್ಯಾಂಬಿಸಿಸ್‌ಗೆ ಊರೆಲ್ಲ ಹಬ್ಬ ಮಾಡುತ್ತಿರುವುದು ಕಾಣುತ್ತದೆ. ತನ್ನ ಸೋಲಿಗೆ ನಗುತ್ತಿದ್ದಾರೆಂದು ಬಗೆದು ಏಪಿಸ್ ಎಂಬ ದೇವರ ಹೋರಿಯ ತೊಡೆಗೆ ಕತ್ತಿ ಹಾಕುತ್ತಾನೆ. ಇದು ಹೆರೊಡೊಟಸ್‌ನ ಕತೆ. ಮುಂದೆ ಕ್ಯಾಂಬಿಸಿಸ್ ಸಾಯುವುದೂ ತನ್ನದೇ ಕತ್ತಿ ತೊಡೆಗೆ ತಗುಲಿ, ಹೋರಿಗೆ ಇರಿದ ಜಾಗದಲ್ಲೇ! ಇಷ್ಟು ಅಚ್ಚುಕಟ್ಟಾಗಿ ಪಾಪಫಲ ಕೂಡಿಬಂದಾಗ ಓದುಗ ಹುಬ್ಬೇರಿಸಬೇಕು.

ಈಗ ಸಕ್ಕಾರಾದ ಸೆರಾಪಿಯಂಗೆ ಬನ್ನಿ. ಏಪಿಸ್ ಹೋರಿಗಳನ್ನು ಹೂಳುತ್ತಿದ್ದ ನೆಲಮಾಳಿಗೆ ಅದು. ಪ್ರತಿ ಹೋರಿಗೂ ಜನನ, ಮರಣ, ಸಂಸ್ಕಾರದ ದಿನ ಕೆತ್ತಿದ ಕಲ್ಲು ಇರುತ್ತಿತ್ತು. ಕ್ಯಾಂಬಿಸಿಸ್ ಆಳ್ವಿಕೆಯ 6ನೇ ವರ್ಷ, ಅಂದರೆ ಕ್ರಿ.ಪೂ. 524ರಲ್ಲಿ, ಒಂದು ಏಪಿಸ್‌ಗೆ ಪೂರ್ಣ ಮರ್ಯಾದೆಯಿಂದ ಸಂಸ್ಕಾರವಾಗಿದೆ. ಆ ಕಲ್ಲಿನ ಮೇಲೆ ಈಜಿಪ್ಟಿನ ರಾಜವೇಷದಲ್ಲಿ ಮಂಡಿಯೂರಿದವನು ಕ್ಯಾಂಬಿಸಿಸ್. ಕಲ್ಲಿನ ಶವಪೆಟ್ಟಿಗೆಯನ್ನು ಮಾಡಿಸಿಕೊಟ್ಟವನೂ ಅವನೇ ಎಂದು ಅದರ ಮೇಲಿನ ಬರಹ ಹೇಳುತ್ತದೆ. ಮುಂದಿನ ಏಪಿಸ್ ಹುಟ್ಟಿದ್ದು ಅವನ 5ನೇ ವರ್ಷ, ಸತ್ತದ್ದು ಡೇರಿಯಸ್‌ನ 4ನೇ ವರ್ಷ. ಹಳೆಯದಕ್ಕೆ ಸಂಸ್ಕಾರವಾಗುವ ಮೊದಲೇ ಹೊಸದು ಹುಟ್ಟಿದ್ದು ವಾಡಿಕೆಗೆ ಹೊರತು. ಅದನ್ನೇ ಹಿಡಿದು, ನಡುವೆ ಅಲ್ಪಾಯುಷಿ ಕರುವೊಂದು ಇದ್ದಿರಬಹುದೆಂದು ವಾದಿಸುವವರಿದ್ದಾರೆ. ದಾಖಲಾದ ಎರಡು ಹೋರಿಗಳಂತೂ ಅವನ ಕತ್ತಿಗೆ ಸಿಕ್ಕವಲ್ಲ.

ಇನ್ನೊಂದು ಸಾಕ್ಷಿ ವ್ಯಾಟಿಕನ್ ಸಂಗ್ರಹದಲ್ಲಿರುವ ಉಜಹೊರೆಸ್ನೆತ್ ಎಂಬ ಅಧಿಕಾರಿಯ ವಿಗ್ರಹ. ಇವನು ಹಿಂದಿನ ಫೇರೋಗಳ ನೌಕಾಧಿಕಾರಿ, ಆಮೇಲೆ ಕ್ಯಾಂಬಿಸಿಸ್‌ನ ವೈದ್ಯ. ಸೈಸ್ ಊರಿನ ನೈತ್ ದೇವಿಯ ಗುಡಿಯಲ್ಲಿ ಬೀಡುಬಿಟ್ಟ ಪರದೇಶಿಗಳನ್ನು ದೊರೆ ಹೊರಹಾಕಿಸಿದ, ಗುಡಿಯನ್ನು ಶುದ್ಧಿ ಮಾಡಿಸಿದ ಎಂದು ಮೈಮೇಲೆಲ್ಲ ಬರೆಸಿಕೊಂಡಿದ್ದಾನೆ. ಇವನನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಗೆದ್ದವರ ಪಕ್ಷ ಸೇರಿದವನು ತನ್ನ ಒಡೆಯನನ್ನು ಒಳ್ಳೆಯವನೆಂದೇ ತೋರಿಸಬೇಕಲ್ಲವೇ?

ಹಾಗಾದರೆ ಹುಚ್ಚನೆಂಬ ಹೆಸರು ಎಲ್ಲಿಂದ ಬಂತು? ಪ್ಯಾರಿಸಿನಲ್ಲಿರುವ ಡೆಮೋಟಿಕ್ ಎಂಬ ಈಜಿಪ್ಟಿನ ಲಿಪಿಯ ಪಪೈರಸ್ (ಜೊಂಡಿನ ಹಾಳೆ) ಒಂದರ ಬೆನ್ನಮೇಲೆ ಉತ್ತರವಿದೆ. ಗುಡಿಗಳಿಗೆ ಸಲ್ಲುತ್ತಿದ್ದ ಸರ್ಕಾರಿ ಸವಲತ್ತುಗಳನ್ನು ಕ್ಯಾಂಬಿಸಿಸ್ ಕಡಿತ ಮಾಡಿದ ಆಜ್ಞೆ ಅಲ್ಲಿ ದಾಖಲಾಗಿದೆ. ಹೆರೊಡೊಟಸ್ ಈಜಿಪ್ಟಿಗೆ ಹೋದದ್ದು ಸುಮಾರು 75 ವರ್ಷಗಳ ಮೇಲೆ. ಅವನಿಗೆ ಕತೆ ಹೇಳಿದವರಲ್ಲಿ ಪೂಜಾರಿಗಳೇ ಮುಖ್ಯರು. ಉಂಬಳಿ ಕಳೆದುಕೊಂಡವರು ದೊರೆಯನ್ನು ಹೇಗೆ ನೆನೆದಾರು? ನಾಣ್ಯದ ಇನ್ನೊಂದು ಮುಖವನ್ನೂ ಹೇಳಿಬಿಡಬೇಕು: ನೈಲ್ ನದಿಯ ಎಲಿಫೆಂಟೀನ್ ದ್ವೀಪದ ಯೆಹೂದಿಗಳು ಕ್ರಿ.ಪೂ. 407ರಲ್ಲಿ ಬರೆದ ಅರ್ಜಿಯಲ್ಲಿ, ಕ್ಯಾಂಬಿಸಿಸ್ ಬಂದಾಗ ಈಜಿಪ್ಟಿನವರ ಗುಡಿಗಳೆಲ್ಲ ಉರುಳಿದವು, ನಮ್ಮದಕ್ಕೆ ಮಾತ್ರ ಏನೂ ಆಗಲಿಲ್ಲ ಎಂದಿದ್ದಾರೆ. ಆ ಹೊತ್ತಿಗೆ ಅವರ ಗುಡಿಯನ್ನು ಅಲ್ಲಿನವರು ಕೆಡವಿದ್ದರು; ಮತ್ತೆ ಕಟ್ಟಲು ಪರ್ಷಿಯನ್ ಅಧಿಕಾರಿಯ ಅಪ್ಪಣೆ ಬೇಕಿತ್ತು. ಮಾತು ತುಸು ಹಿಗ್ಗಿರಬಹುದು, ಆದರೆ ಗುಡಿಗಳಿಗೆ ಏನೂ ಆಗಿಲ್ಲವೆಂದು ಹೇಳಲೂ ಆಗದು.

ಪ್ರಶ್ನೆ: ಡೇರಿಯಸ್‌ನ ಬೆಹಿಸ್ತೂನ್ ಶಾಸನ ಅವನೇ ಬರೆಸಿದ್ದು, ಆದ್ದರಿಂದ ಅದು ಹೆರೊಡೊಟಸ್‌ಗಿಂತ ವಿಶ್ವಾಸಾರ್ಹವಲ್ಲವೇ? (ಕಲಬುರಗಿಯಿಂದ, ಎಂ.ಎ. ವಿದ್ಯಾರ್ಥಿನಿ)

ಉತ್ತರ: ಸಮಕಾಲೀನ ಎಂಬುದು ನಿಜ. ನಿಷ್ಪಕ್ಷಪಾತ ಎಂದು ಅದರಿಂದ ಆಗುವುದಿಲ್ಲ. ನಮ್ಮ ಪ್ರಶಸ್ತಿ ಶಾಸನಗಳನ್ನು ಓದಿದ ನಿಮಗೆ ಇದು ಹೊಸದಲ್ಲ. ನಮ್ಮ ದಾನಶಾಸನಗಳ ಕೊನೆಯ ಶಾಪವಾಕ್ಯದಂತೆ ಅಲ್ಲೂ, ಶಾಸನ ಕಾಪಾಡಿದವನ ವಂಶ ಬೆಳೆಯಲಿ, ಕೆಡಿಸಿದವನ ವಂಶ ಅಳಿಯಲಿ ಎಂದಿದೆ.

ಇರಾನಿನ ಕೆರ್ಮಾನ್‌ಷಾಹ್ ಬಳಿಯ ಬಂಡೆಯ ಮೇಲೆ, ನೆಲದಿಂದ ಬಹಳ ಎತ್ತರದಲ್ಲಿ, ಹಳೆಯ ಪರ್ಷಿಯನ್, ಎಲಾಮೈಟ್, ಬ್ಯಾಬಿಲೋನಿಯನ್ ಮೂರೂ ಭಾಷೆಗಳಲ್ಲಿ ಅದನ್ನು ಕೆತ್ತಲಾಗಿದೆ. ಕೆಳಗೆ ನಿಂತು ಓದುವುದು ಯಾರಿಗೂ ಸಾಧ್ಯವಿಲ್ಲ. ಬ್ರಿಟಿಷ್ ಅಧಿಕಾರಿ ಹೆನ್ರಿ ರಾಲಿನ್ಸನ್ 1835ರಿಂದ 1847ರ ನಡುವೆ ಏಣಿ, ಹಗ್ಗ ಕಟ್ಟಿಕೊಂಡು ಪ್ರತಿ ತೆಗೆದ. ಎಟುಕದ ಬ್ಯಾಬಿಲೋನಿಯನ್ ಭಾಗಕ್ಕೆ ಕುರ್ದ್ ಹುಡುಗನೊಬ್ಬನನ್ನು ಹತ್ತಿಸಿದ. ಓದಲಿಕ್ಕೆಂದು ಡೇರಿಯಸ್ ಪ್ರತಿಗಳನ್ನು ನಾಡಿನಾದ್ಯಂತ ಕಳಿಸಿದ್ದ: ಒಂದು ಬ್ಯಾಬಿಲೋನಿನಲ್ಲಿ ಕಲ್ಲಿನ ಚೂರುಗಳಾಗಿ ಸಿಕ್ಕಿದೆ, ಇನ್ನೊಂದು ಎಲಿಫೆಂಟೀನ್‌ನಲ್ಲಿ ಅರಾಮಿಕ್ ಭಾಷೆಯ ಪಪೈರಸ್ಸಾಗಿ ಸಿಕ್ಕಿದೆ. ಪ್ರತಿಗಳು ಅಕ್ಷರಶಃ ಒಂದೇ ಅಲ್ಲ. ಸತ್ತ, ಸೆರೆಸಿಕ್ಕ ಶತ್ರುಗಳ ಎಣಿಕೆ ಬ್ಯಾಬಿಲೋನಿಯನ್ ಮತ್ತು ಅರಾಮಿಕ್ ಪಾಠಗಳಲ್ಲಿದೆ, ಹಳೆಯ ಪರ್ಷಿಯನ್‌ನಲ್ಲಿಲ್ಲ. ಒಂದೇ ಪಾಠದ ಅನುವಾದವನ್ನು ಹಿಡಿದು ಪ್ರಬಂಧ ಬರೆದರೆ ಇಲ್ಲೇ ಎಡವುತ್ತೀರಿ.

ಡೇರಿಯಸ್ ಹೇಳುವುದು ಇದು: ಕ್ಯಾಂಬಿಸಿಸ್ ತನ್ನ ತಮ್ಮ ಬರ್ದಿಯನನ್ನು ಗುಟ್ಟಾಗಿ ಕೊಲ್ಲಿಸಿದ್ದ. ಗೌಮಾತ ಎಂಬ ಪುರೋಹಿತ ತಾನೇ ಬರ್ದಿಯ ಎಂದು ಸುಳ್ಳುಹೇಳಿ ಕ್ರಿ.ಪೂ. 522ರಲ್ಲಿ ಪಟ್ಟವೇರಿದ. ಎದುರಾಡಲು ಯಾರಿಗೂ ಧೈರ್ಯವಿರಲಿಲ್ಲ. ನಾನು ಕೆಲವೇ ಸಂಗಡಿಗರೊಂದಿಗೆ ಅವನನ್ನು ಕೊಂದು ನಮ್ಮ ವಂಶದ ರಾಜ್ಯವನ್ನು ಉಳಿಸಿದೆ. ಹೆರೊಡೊಟಸ್‌ನೂ ಬಹುಮಟ್ಟಿಗೆ ಇದನ್ನೇ ಹೇಳುತ್ತಾನೆ, ಸಂಗಡಿಗರ ಆರು ಹೆಸರುಗಳಲ್ಲಿ ಐದು ಹೊಂದುತ್ತವೆ. ಎರಡು ಆಕರ ಒಂದನ್ನೇ ಹೇಳಿದರೆ ಸತ್ಯ ಎಂದು ಹಿಗ್ಗಬೇಡಿ. ಡೇರಿಯಸ್ ಹಂಚಿದ ಕತೆಯೇ ಬಾಯಿಂದ ಬಾಯಿಗೆ ಹೋಗಿ ಹೆರೊಡೊಟಸ್‌ನನ್ನು ಮುಟ್ಟಿರಬಹುದು. ಆಗ ಸಾಕ್ಷಿ ಎರಡಲ್ಲ, ಒಂದೇ.

ಅನುಮಾನಕ್ಕೆ ಕಾರಣಗಳು ಶಾಸನದ ಹೊರಗಿವೆ. ಸೈರಸ್ ಸಿಲಿಂಡರಿನಲ್ಲಿ ಸೈರಸ್ ಕೊಡುವ ವಂಶಾವಳಿ ತಂದೆ ಕ್ಯಾಂಬಿಸಿಸ್, ಅಜ್ಜ ಸೈರಸ್, ಮುತ್ತಜ್ಜ ತೇಯ್ಸ್ಪೆಸ್, ಎಲ್ಲರೂ ‘ಅನ್ಶಾನ್ ಅರಸರು’. ಅಲ್ಲಿಗೆ ನಿಂತಿತು. ಅಕೆಮೆನಿಸ್ ಎಂಬ ಮೂಲಪುರುಷನನ್ನು ತೇಯ್ಸ್ಪೆಸ್‌ಗೆ ತಂದೆಯಾಗಿ ಸೇರಿಸಿ, ತನ್ನನ್ನೂ ಸೈರಸನನ್ನೂ ಒಂದೇ ಮನೆತನದವರಾಗಿ ಮಾಡಿದ್ದು ಡೇರಿಯಸ್. ಸೈರಸನ ರಾಜಧಾನಿ ಪಸರ್ಗಡೆಯಲ್ಲಿ ‘ನಾನು ಸೈರಸ್, ಅಕೆಮೆನಿಡ್ (ಅಕೆಮೆನಿಸ್ ವಂಶದವನು)’ ಎಂದಿರುವ ಬರಹವನ್ನೂ ಡೇರಿಯಸ್ ಆಮೇಲೆ ಹಾಕಿಸಿದ್ದೆಂದು ಬಹಳ ಮಂದಿ ಭಾವಿಸುತ್ತಾರೆ. ಇನ್ನೂ ಸೋಜಿಗದ ಸಂಗತಿ: ಡೇರಿಯಸ್ ಪಟ್ಟಕ್ಕೆ ಬಂದಾಗ ಅವನ ತಂದೆ ಹಿಸ್ಟಾಸ್ಪಿಸ್, ಅಜ್ಜ ಅರ್ಸಾಮಿಸ್ ಇಬ್ಬರೂ ಬದುಕಿದ್ದರೆಂದು ಅವನ ಸೂಸಾ ಶಾಸನವೇ ಹೇಳುತ್ತದೆ. ರಾಜ್ಯ ವಂಶದ ಹಕ್ಕಾಗಿದ್ದರೆ ಅಜ್ಜ, ಅಪ್ಪ ಇರುವಾಗ ಮೊಮ್ಮಗನಿಗೆ ಏಕೆ ಬಂತು? ಪಟ್ಟವೇರಿದ ಮೇಲೆ ಅವನು ಸೈರಸನ ಇಬ್ಬರು ಹೆಣ್ಣುಮಕ್ಕಳಾದ ಅತೋಸ್ಸಾ, ಆರ್ಟಿಸ್ಟೋನ್‌ರನ್ನೂ ಬರ್ದಿಯನ ಮಗಳು ಪರ್ಮಿಸ್‌ಳನ್ನೂ ಮದುವೆಯಾದ. ಹಳೆಯ ಮನೆತನದ ಹೆಣ್ಣು ಬೇರೊಬ್ಬನ ಕೈಗೆ ಹೋಗದಂತೆ ನೋಡಿಕೊಂಡ ಅನ್ನಿ.

ಡೇರಿಯಸ್ ಕೊಂದದ್ದು ನಿಜವಾದ ಬರ್ದಿಯನನ್ನೇ ಎಂಬ ಸಂಶಯ ಇಂದು ವಿದ್ವಾಂಸರಲ್ಲಿ ಬಲವಾಗಿದೆ. ಸಾಬೀತಾಗಿಲ್ಲ, ಆಗುವ ಲಕ್ಷಣವೂ ಕಾಣದು. ಬ್ಯಾಬಿಲೋನಿನ ವ್ಯವಹಾರ ಪತ್ರಗಳಲ್ಲಿ 522ರ ಏಪ್ರಿಲಿನಿಂದ ಕೆಲವು ತಿಂಗಳು ‘ದೊರೆ ಬರ್ಜಿಯ’ (ಬರ್ದಿಯ ಎಂಬುದರ ಬ್ಯಾಬಿಲೋನಿಯನ್ ರೂಪ) ಎಂದಿದೆ. ಸಾಲ ಕೊಟ್ಟವನಿಗೆ ದೊರೆ ಅಸಲಿಯೋ ನಕಲಿಯೋ ಬೇಕಿರಲಿಲ್ಲ, ತಾರೀಖು ಸರಿಯಿದ್ದರೆ ಸಾಕಿತ್ತು. ಅಂದಹಾಗೆ, ನಾನು ಮಾಡಿದ್ದನ್ನೆಲ್ಲ ಬರೆಸಿಲ್ಲ, ಓದಿದವರು ಸುಳ್ಳೆಂದಾರು ಎಂಬ ಮಾತೂ ಆ ಶಾಸನದಲ್ಲಿದೆ. ನಂಬದ ಓದುಗರು ಅವನ ಕಾಲದಲ್ಲೂ ಇದ್ದರು.

ಪ್ರಶ್ನೆ: ಕ್ಸರ್ಕ್ಸೀಸ್ 50 ಲಕ್ಷ ಸೈನ್ಯ ಕಟ್ಟಿದ್ದು, ಸಮುದ್ರಕ್ಕೆ ಚಾಟಿ ಹೊಡೆಸಿದ್ದು ನಿಜವೇ? (ಮಂಗಳೂರಿನಿಂದ)

ಉತ್ತರ: ಸಂಖ್ಯೆ ಸುಳ್ಳು ಎಂದು ಮನೆಯಲ್ಲೇ ಕೂತು ತೋರಿಸಬಹುದು. ಕ್ಸರ್ಕ್ಸೀಸ್ ಗ್ರೀಸಿನ ಮೇಲೆ ಒಯ್ದ ಸೇನೆಯಲ್ಲಿ ಕಾಲಾಳುಗಳೇ 17 ಲಕ್ಷ ಎನ್ನುತ್ತಾನೆ ಹೆರೊಡೊಟಸ್. ಎಣಿಸಿದ ಬಗೆ: 10,000 ಜನರನ್ನು ಒತ್ತೊತ್ತಾಗಿ ನಿಲ್ಲಿಸಿ ಸುತ್ತ ಗೆರೆ ಹಾಕಿ, ಗೆರೆಯ ಮೇಲೆ ಗೋಡೆ ಕಟ್ಟಿ, ಆ ದೊಡ್ಡಿಯನ್ನು 170 ಸಲ ತುಂಬಿ ಖಾಲಿ ಮಾಡಿದರಂತೆ. ನಾಲ್ಕು ನಾಲ್ಕು ಜನರ ಸಾಲಿನಲ್ಲಿ, ಸಾಲಿಗೊಂದು ಮೀಟರ್ ಬಿಟ್ಟು ನಡೆಸಿದರೆ 17 ಲಕ್ಷ ಜನರ ಮೆರವಣಿಗೆ 425 ಕಿ.ಮೀ. ಉದ್ದವಾಗುತ್ತದೆ. ಹಡಗಿನವರು, ಪರಿಚಾರಕರು ಎಲ್ಲರನ್ನೂ ಸೇರಿಸಿ ಅವನ ಒಟ್ಟು 52,83,220. ತಲೆಗೊಂದು ಖೊಯ್ನಿಕ್ಸ್ ಗೋಧಿಯಂತೆ ದಿನಕ್ಕೆ 1,10,340 ಮೆದಿಮ್ನಸ್ ಬೇಕು ಎಂದೂ ಲೆಕ್ಕ ಹಾಕಿದ್ದಾನೆ. 48 ಖೊಯ್ನಿಕ್ಸ್‌ಗೆ ಒಂದು ಮೆದಿಮ್ನಸ್. ಭಾಗಿಸಿ ನೋಡಿ, 1,10,067 ಬರುತ್ತದೆ. ಗುಣಾಕಾರ ಭಾಗಾಕಾರವೂ ತಪ್ಪಿದೆ! ಇಂದಿನ ಅಂದಾಜುಗಳು ಒಂದರಿಂದ ಮೂರು ಲಕ್ಷದೊಳಗೆ ಓಲಾಡುತ್ತವೆ.

ಚಾಟಿಯ ವಿಚಾರ ಇಷ್ಟು ಸುಲಭವಲ್ಲ. ಏಷ್ಯಾ, ಯುರೋಪುಗಳ ನಡುವಿನ ಹೆಲೆಸ್ಪಾಂಟ್ ಜಲಸಂಧಿಯ ಮೇಲೆ ಕಟ್ಟಿದ ಮೊದಲ ಸೇತುವೆಗಳು ಬಿರುಗಾಳಿಗೆ ಕಿತ್ತುಹೋದಾಗ ನೀರಿಗೆ 300 ಏಟು ಹೊಡೆಸಿ, ಬೇಡಿ ಎಸೆಸಿ, ಎಂಜಿನಿಯರುಗಳ ತಲೆ ತೆಗೆಸಿದ ಎಂದು ಹೆರೊಡೊಟಸ್ ಬರೆದಿದ್ದಾನೆ. ಆದರೆ ಮರುಕಟ್ಟಿದ ಸೇತುವೆಯ ವಿವರ ಬೇರೆಯೇ ಮಟ್ಟದ್ದು: ಒಂದಕ್ಕೆ 360, ಇನ್ನೊಂದಕ್ಕೆ 314 ಹಡಗು, ಪ್ರತಿಯೊಂದಕ್ಕೂ ಅಗಸೆನಾರಿನ ಎರಡು, ಪಪೈರಸ್‌ನ ನಾಲ್ಕು ದಪ್ಪ ಹಗ್ಗ, ಮೇಲೆ ಹಲಗೆ, ಸೊಪ್ಪು, ಮಣ್ಣು, ಕುದುರೆ ಬೆದರದಂತೆ ಇಕ್ಕೆಲಕ್ಕೂ ಬೇಲಿ. ಇದು ಕಂಡವರಿಂದ ಕೇಳಿ ಬರೆದಂತಿದೆ. ದಾಟುವ ಮುನ್ನ ಸೂರ್ಯ ಹುಟ್ಟುವ ಹೊತ್ತಿಗೆ ದೊರೆ ಚಿನ್ನದ ಬಟ್ಟಲಿನಿಂದ ನೀರಿಗೆ ಅರ್ಘ್ಯ ಬಿಟ್ಟು, ಬಟ್ಟಲನ್ನೂ ಖಡ್ಗವನ್ನೂ ನೀರಿಗೇ ಹಾಕಿದ. ಸೂರ್ಯನಿಗೆಂದೋ ಚಾಟಿ ಹೊಡೆಸಿದ ಪಶ್ಚಾತ್ತಾಪಕ್ಕೋ ಹೇಳಲಾರೆ ಎಂದೂ ಸೇರಿಸಿದ್ದಾನೆ. ಅರ್ಥವಾಗದ ಪರ್ಷಿಯನ್ ವಿಧಿಯೊಂದನ್ನು ಗ್ರೀಕರು ಸೊಕ್ಕು ಎಂದು ಓದಿರಬಹುದು. ಹೆರೊಡೊಟಸ್ ಬರೆಯುವುದಕ್ಕೂ ಮೊದಲೇ, ಕ್ರಿ.ಪೂ. 472ರಲ್ಲಿ, ಪರ್ಷಿಯನ್ನರೆದುರು ಸ್ವತಃ ಹೋರಾಡಿದ್ದ ನಾಟಕಕಾರ ಈಸ್ಕಿಲಸ್ ಅಥೆನ್ಸಿನ ರಂಗದ ಮೇಲೆ ಡೇರಿಯಸ್‌ನನ್ನು ವಿವೇಕಿಯ ಪ್ರೇತವಾಗಿ, ಮಗ ಕ್ಸರ್ಕ್ಸೀಸ್‌ನನ್ನು ಹರಿದ ಬಟ್ಟೆಯ ಅವಿವೇಕಿಯಾಗಿ ತಂದಿದ್ದ. ಮ್ಯಾರಥಾನಿನಲ್ಲಿ ಸೋತದ್ದು ಡೇರಿಯಸ್‌ನ ಸೇನೆಯೇ ಎಂಬುದನ್ನು ಆ ಪ್ರೇಕ್ಷಕರು ಮರೆತಿರಲಾರರು. ನಾಟಕಕ್ಕೆ ಅದು ಬೇಕಿರಲಿಲ್ಲ.

ಪ್ರಶ್ನೆ: ಕ್ಸರ್ಕ್ಸೀಸ್ ಬ್ಯಾಬಿಲೋನಿನ ಗುಡಿಯನ್ನು ಕೆಡವಿದನೇ? ಅವನನ್ನು ಕೊಂದವರು ಯಾರು? (ಬೆಳಗಾವಿಯಿಂದ)

ಉತ್ತರ: ಕೆಡವಿದ ಎಂಬುದು ಹೆಚ್ಚಾಗಿ ಅಲೆಕ್ಸಾಂಡರನ ಕಾಲದ ನಂತರದ ಬರಹಗಾರರ ಮಾತು. ಹೆರೊಡೊಟಸ್ ಹೇಳುವುದು ಗುಡಿಯಿಂದ ಚಿನ್ನದ ಪುರುಷ ಪ್ರತಿಮೆಯೊಂದನ್ನು ಒಯ್ದ, ತಡೆದ ಪೂಜಾರಿಯನ್ನು ಕೊಂದ ಎಂದಷ್ಟೇ. ಆದರೆ ಕ್ರಿ.ಪೂ. 484ರಲ್ಲಿ ಬ್ಯಾಬಿಲೋನಿನಲ್ಲಿ ಎರಡು ದಂಗೆಗಳಾದವು. ಸರಿಯಾಗಿ ಅದೇ ವರ್ಷ ಬ್ಯಾಬಿಲೋನ್, ಸಿಪ್ಪಾರ್ ಮೊದಲಾದ ಉತ್ತರದ ಊರುಗಳ ಹಳೆಯ ಪೂಜಾರಿ ಮನೆತನಗಳ ಕಾಗದಪತ್ರಗಳು ಥಟ್ಟನೆ ನಿಲ್ಲುತ್ತವೆ. ದಂಗೆಯ ಬೆನ್ನಿಗಿದ್ದವರ ಸ್ಥಾನಮಾನ ಹೋಯಿತೆಂದು ಊಹಿಸಬಹುದು. ಗುಡಿಯ ಪೂಜೆ ಶತಮಾನಗಳ ಕಾಲ ಮುಂದುವರಿದದ್ದಕ್ಕೆ ಆಧಾರವಿದೆ. ಸಾವಿನ ವಿಷಯದಲ್ಲಿ ಗ್ರೀಕ್ ಬರಹಗಳು ಅರ್ತಬಾನಸ್ ಎಂಬ ಅಧಿಕಾರಿಯತ್ತ ಬೆರಳು ತೋರುತ್ತವೆ. ಚಂದ್ರಗ್ರಹಣಗಳ ಪಟ್ಟಿಯಿರುವ ಬ್ಯಾಬಿಲೋನಿನ ಫಲಕವೊಂದು ಮಾತ್ರ ಅಬು ತಿಂಗಳಲ್ಲಿ (ಕ್ರಿ.ಪೂ. 465ರ ಆಗಸ್ಟ್) ‘ಕ್ಸರ್ಕ್ಸೀಸನನ್ನು ಅವನ ಮಗ ಕೊಂದ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಯಾವ ಮಗ ಎಂದು ಹೇಳುವುದಿಲ್ಲ.

ಪ್ರಶ್ನೆ: ಹೊಗಳಿಕೆಯೂ ಇಲ್ಲದ, ನಿಂದೆಯೂ ಇಲ್ಲದ ದಾಖಲೆ ಪರ್ಷಿಯಾದಲ್ಲಿ ಸಿಕ್ಕಿಲ್ಲವೇ? (ತುಮಕೂರಿನಿಂದ)

ಉತ್ತರ: ಸಿಕ್ಕಿದೆ, ರಾಶಿ ರಾಶಿ. 1933ರಲ್ಲಿ ಡೇರಿಯಸ್ ಕಟ್ಟಿಸಿದ ರಾಜಧಾನಿ ಪರ್ಸಿಪೊಲಿಸ್ ಕೋಟೆಯ ಗೋಡೆಯೊಳಗಿನ ಕೋಣೆಗಳಲ್ಲಿ ಜರ್ಮನ್ ಪುರಾತತ್ತ್ವಜ್ಞ ಹರ್ಜ್‌ಫೆಲ್ಡ್ ತಂಡಕ್ಕೆ ಸಾವಿರಾರು ಮಣ್ಣಿನ ಫಲಕ ಮತ್ತು ಚೂರುಗಳು ದೊರೆತವು. ಕ್ರಿ.ಪೂ. 509ರಿಂದ 493ರವರೆಗಿನ, ಬಹುಪಾಲು ಎಲಾಮೈಟ್ ಭಾಷೆಯ ಪಡಿಯ ಲೆಕ್ಕ ಅದು. ರಿಚರ್ಡ್ ಹ್ಯಾಲಕ್ 1969ರಲ್ಲಿ 2,087 ಪಠ್ಯಗಳನ್ನು ಪ್ರಕಟಿಸಿದರು. ಒಂದೊಂದು ಅಂಗೈಯಲ್ಲಿ ಹಿಡಿಸುವಷ್ಟೇ. ಒಕ್ಕಣೆಯೂ ಒಂದೇ ಅಚ್ಚಿನದು: ಎಷ್ಟು, ಏನು, ಯಾರ ದಾಸ್ತಾನಿನಿಂದ, ಯಾರಿಗೆ, ಯಾವುದಕ್ಕೆ, ಯಾವ ತಿಂಗಳು, ದೊರೆಯ ಎಷ್ಟನೇ ವರ್ಷ. ಕೊನೆಗೆ ಮುದ್ರೆ.

ಅಳತೆ ‘ಕಾ’ ಎಂಬುದು ಹೆಚ್ಚುಕಡಿಮೆ ಒಂದು ಲೀಟರ್. ಸಾಮಾನ್ಯ ಗಂಡಾಳಿಗೆ ತಿಂಗಳಿಗೆ ಸುಮಾರು 30 ಕಾ ಧಾನ್ಯ. ಡೇರಿಯಸ್‌ನ ಹಿರಿಯ ಅಧಿಕಾರಿ ಪರ್ನಾಕನಿಗೆ ದಿನವೊಂದಕ್ಕೇ 180 ಕಾ ಹಿಟ್ಟು, 90 ಕಾ ದ್ರಾಕ್ಷಾರಸದ ಮದ್ಯ, 2 ಕುರಿ. ಅವನ ಪರಿವಾರವೂ ಅದರಲ್ಲೇ ಉಣ್ಣುತ್ತಿತ್ತೆಂದು ತೋರುತ್ತದೆ. ಹೆತ್ತ ಹೆಂಗಸರಿಗೆ ವಿಶೇಷ ಪಡಿಯಿತ್ತು, ಗಂಡು ಹೆತ್ತವಳಿಗೆ ಹೆಣ್ಣು ಹೆತ್ತವಳ ಎರಡರಷ್ಟು. ಡೇರಿಯಸ್‌ಗೆ ಅತಿ ಪ್ರಿಯಳಾದ ಹೆಂಡತಿ ಎಂದು ಹೆರೊಡೊಟಸ್ ಹೇಳುವ ಆರ್ಟಿಸ್ಟೋನ್ ಇಲ್ಲಿ ಇರ್ತಶ್ದುನ ಎಂಬ ಹೆಸರಿನಲ್ಲಿ ಸಿಗುತ್ತಾಳೆ: ದೊರೆಯ ಅಪ್ಪಣೆಯಂತೆ ಅವಳಿಗೆ 100 ಕುರಿ, ಸುಮಾರು 2,000 ಲೀಟರ್ ಮದ್ಯ. ಭಾರತದಿಂದ ಸೂಸಾದತ್ತ ಹೊರಟ ಪ್ರಯಾಣಿಕರಿಗೆ ದಾರಿಯ ಠಾಣ್ಯಗಳಲ್ಲಿ ಹಿಟ್ಟು ಕೊಟ್ಟ ಲೆಕ್ಕವೂ ಇದೆ. ದೊರೆ ಒಳ್ಳೆಯವನೋ ಕೆಟ್ಟವನೋ ಇವು ಹೇಳುವುದಿಲ್ಲ. ದರ್ಬಾರಿನ ಹೆಂಗಸರೆಂದರೆ ಜನಾನಾದ ಸಂಚುಗಾರ್ತಿಯರು ಎಂಬ ಗ್ರೀಕ್ ಚಿತ್ರವನ್ನು ಮಾತ್ರ ಒರೆಸಿಹಾಕುತ್ತವೆ. ಇಲ್ಲಿಯ ಇರ್ತಶ್ದುನ ಸ್ವಂತ ಮುದ್ರೆ ಒತ್ತಿ ತನ್ನ ಜಮೀನಿನ ಗುಮಾಸ್ತರಿಗೆ ಆಜ್ಞೆ ಕಳಿಸುವ ಯಜಮಾನಿ.

ಪ್ರಶ್ನೆ: ಇಮ್ಮಡಿ ಪುಲಕೇಶಿ ಪರ್ಷಿಯಾದ ದೊರೆ ಖುಸ್ರೋಗೆ ರಾಯಭಾರ ಕಳಿಸಿದ, ಅಜಂತಾದಲ್ಲಿ ಅದರ ಚಿತ್ರವಿದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆಧಾರವೇನು? (ಬಾದಾಮಿಯಿಂದ)

ಉತ್ತರ: ಇವು ಎರಡು ಬೇರೆ ಬೇರೆ ವಿಷಯ, ಬಿಡಿಸಿ ನೋಡಬೇಕು. ಕಾಲವೂ ಬೇರೆ: ಈ ಖುಸ್ರೋ ಸಾಸಾನಿ ವಂಶದವನು, ಡೇರಿಯಸ್‌ಗಿಂತ ಸಾವಿರ ವರ್ಷಕ್ಕೂ ಈಚಿನವನು (ಕ್ರಿ.ಶ. 590-628).

ರಾಯಭಾರಕ್ಕೆ ಆಧಾರ 923ರಲ್ಲಿ ತೀರಿಕೊಂಡ ಅರಬ್ಬಿ ಭಾಷೆಯಲ್ಲಿ ಬರೆದ ಇತಿಹಾಸಕಾರ ತಬರಿ. ಖುಸ್ರೋನನ್ನು ಮಗ ಶೀರೂಯೆ ಸೆರೆಯಲ್ಲಿಟ್ಟು ಆರೋಪ ಹೊರಿಸಿದಾಗ ಅಪ್ಪ ಕೊಡುವ ಉತ್ತರದೊಳಗೆ ಈ ಪ್ರಸಂಗವಿದೆ: ನನ್ನ ಆಳ್ವಿಕೆಯ 36ನೇ ವರ್ಷ ಭಾರತದ ದೊರೆ ನನಗೂ ನನ್ನ ಮಕ್ಕಳಿಗೂ ಓಲೆ, ಉಡುಗೊರೆ ಕಳಿಸಿದ; ನಿನಗೆ ಬಂದದ್ದು ಆನೆ, ಖಡ್ಗ, ಬಿಳಿಯ ಡೇಗೆ, ಜರತಾರಿ ಉಡುಪು; 38ನೇ ವರ್ಷದಲ್ಲಿ ನಿನಗೆ ಪಟ್ಟವಾಗುವುದೆಂದು ನಿನ್ನ ಓಲೆಯಲ್ಲಿತ್ತು. ಮುಂದೆ ನಡೆದದ್ದನ್ನು ಇಷ್ಟು ಸರಿಯಾಗಿ ನುಡಿಯುವ ಓಲೆ, ಎಲ್ಲ ಮುಗಿದ ಮೇಲೆ ಬರೆದವರ ಕೈಚಳಕ. ಆದರೂ ಓಲೆ, ಉಡುಗೊರೆ ಬಂದದ್ದೇ ಸುಳ್ಳು ಎನ್ನಬೇಕಿಲ್ಲ. ಪ್ರಸಂಗದ ವರ್ಷ 625-26, ಪುಲಕೇಶಿಯ ಆಳ್ವಿಕೆ 610-642. ಹಸ್ತಪ್ರತಿಯಲ್ಲಿ ದೊರೆಯ ಹೆಸರು ‘ಫರ್ಮೀಶ’ದಂಥ ರೂಪದಲ್ಲಿದೆ. ಅದು ಪುಲಕೇಶಿಯೇ ಎಂದು ಓದಿದವರು 19ನೇ ಶತಮಾನದ ಜರ್ಮನ್ ವಿದ್ವಾಂಸ ನೋಲ್ಡೆಕೆ. ಸಂಭಾವ್ಯ, ಅಷ್ಟೇ. ನಮ್ಮ ಕಡೆಯ ಆಕರ ಮೌನವಾಗಿದೆ: 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹರ್ಷನ ಸೋಲನ್ನು ಹಾಡಿಹೊಗಳಿದ್ದಾನೆ, ಪರ್ಷಿಯಾದ ಮಾತೆತ್ತಿಲ್ಲ. ದೂರದೇಶದ ಸ್ನೇಹ ಪ್ರಶಸ್ತಿಕಾರನಿಗೆ ಗೆಲುವಿನಷ್ಟು ರುಚಿಸದ ವಸ್ತುವೂ ಇರಬಹುದು.

ಚಿತ್ರದ ಕತೆ ಇನ್ನೂ ಸಡಿಲ. ಅಜಂತಾದ 1ನೇ ಗುಹೆಯಲ್ಲಿ ಚೂಪು ಟೊಪ್ಪಿಗೆಯ ಪರದೇಶಿಗಳು ರಾಜನಿಗೆ ಕಾಣಿಕೆ ಕೊಡುವ ಚಿತ್ರವನ್ನು ಈ ರಾಯಭಾರಕ್ಕೆ ಗಂಟುಹಾಕಿದವರು ಜೇಮ್ಸ್ ಫರ್ಗುಸನ್, 1879ರಲ್ಲಿ. ಈಗ ಆ ಗುಹೆಯನ್ನು ವಾಕಾಟಕ ಹರಿಷೇಣನ ಕಾಲದ್ದು, 5ನೇ ಶತಮಾನದ ಉತ್ತರಾರ್ಧದ್ದು ಎಂದು ಹಲವರು ಗುರುತಿಸುತ್ತಾರೆ. ಹಾಗಿದ್ದರೆ ಪುಲಕೇಶಿ ಹುಟ್ಟುವುದಕ್ಕೆ ಒಂದು ಶತಮಾನ ಮೊದಲೇ ಆ ಬಣ್ಣ ಒಣಗಿತ್ತು. ಗೋಡೆಯ ಉಳಿದ ಚಿತ್ರಗಳು ಬುದ್ಧನ ಪೂರ್ವಜನ್ಮದ ಕತೆಗಳು; ಇದೂ ಅಂಥದೇ ಎಂಬ ಓದು ಹೆಚ್ಚು ಒಪ್ಪುತ್ತದೆ. ಪ್ರವಾಸಿಗರಿಗೆ ‘ಪುಲಕೇಶಿಯ ದರ್ಬಾರು’ ಎಂದು ತೋರಿಸುವುದನ್ನು ಇನ್ನಾದರೂ ನಿಲ್ಲಿಸಬಹುದು.

ಪ್ರಶ್ನೆ: ಫಿರ್ದೌಸಿಯ ಶಾಹನಾಮೆಯಲ್ಲಿ ಸೈರಸ್ ಏಕಿಲ್ಲ? (ಬೆಂಗಳೂರಿನಿಂದ)

ಉತ್ತರ: ಇರಾನಿನವರೇ ಅವನನ್ನು ಮರೆತಿದ್ದರು. ಸುಮಾರು 1010ರಲ್ಲಿ ಮುಗಿದ ಆ ಕಾವ್ಯ ಪೂರ್ವ ಇರಾನಿನ ಪುರಾಣಗಳ ಮೇಲೆ ನಿಂತಿದೆ. ಅಲೆಕ್ಸಾಂಡರನಿಗೆ ಸೋತ ಕೊನೆಯ ಡೇರಿಯಸ್ ‘ದಾರಾ’ ಆಗಿ ಉಳಿದಿದ್ದಾನೆ, ಅವನ ಹಿಂದಿನವರು ಬಹುಮಟ್ಟಿಗೆ ಅಳಿಸಿಹೋಗಿದ್ದಾರೆ. ಪರ್ಸಿಪೊಲಿಸ್ ಜನರ ಬಾಯಲ್ಲಿ ಪುರಾಣದ ದೊರೆ ಜಮ್‌ಷೀದನ ಸಿಂಹಾಸನವಾಯಿತು, ಸೈರಸನ ಗೋರಿ ಸೊಲೊಮನ್‌ನ ತಾಯಿಯ ಗೋರಿಯಾಯಿತು.

ಪ್ರಶ್ನೆ: ಪುಸ್ತಕಗಳಲ್ಲಿ ‘ಡಿಬಿ’, ‘ಎಕ್ಸ್‌ಪಿಹೆಚ್’, ‘7.187’, ‘-538’ ಎಂದೆಲ್ಲ ಇರುತ್ತದೆ. ಬಿಡಿಸಿ ಹೇಳುವಿರಾ? (ಹಾಸನದಿಂದ, ಪ್ರೌಢಶಾಲಾ ಶಿಕ್ಷಕರು)

ಉತ್ತರ: ಶಾಸನದ ಸಂಕೇತದಲ್ಲಿ ಮೊದಲ ಅಕ್ಷರ ದೊರೆ, ಎರಡನೆಯದು ಊರು, ಮೂರನೆಯದು ಆ ಊರಿನ ಶಾಸನಗಳಲ್ಲಿ ಅದರ ಕ್ರಮ. ‘ಡಿಬಿ’ ಎಂದರೆ ಡೇರಿಯಸ್‌ನ ಬೆಹಿಸ್ತೂನ್. ‘ಎಕ್ಸ್‌ಪಿಹೆಚ್’ ಎಂದರೆ ಕ್ಸರ್ಕ್ಸೀಸನ ಪರ್ಸಿಪೊಲಿಸ್ ಶಾಸನಗಳಲ್ಲಿ ‘ಹೆಚ್’ ಗುರುತಿನದು. 7.187 ಎಂದರೆ ಹೆರೊಡೊಟಸ್‌ನ 7ನೇ ಪುಸ್ತಕದ 187ನೇ ಅಧ್ಯಾಯ. ಯಾವ ಭಾಷೆಯ ಯಾವ ಮುದ್ರಣವಾದರೂ ಇದೇ ಅಂಕೆ, ಆದ್ದರಿಂದ ಪುಟಸಂಖ್ಯೆ ಬರೆಯಬೇಡಿ.

ತಾರೀಖಿನಲ್ಲಿ ಎರಡು ಗುಂಡಿಗಳಿವೆ. ಖಗೋಳ ಪಟ್ಟಿಗಳಲ್ಲಿ ಸೊನ್ನೆ ವರ್ಷವಿದೆ, ಇತಿಹಾಸದಲ್ಲಿ ಇಲ್ಲ. -538 ಎಂದಿದ್ದರೆ ಕ್ರಿ.ಪೂ. 539 ಎಂದು ಓದಿಕೊಳ್ಳಿ. ಬ್ಯಾಬಿಲೋನಿನ ವರ್ಷ ಮೊದಲಾಗುವುದು ನಮ್ಮ ಯುಗಾದಿಯ ಹೊತ್ತಿಗೆ, ಮಾರ್ಚ್-ಏಪ್ರಿಲಿನಲ್ಲಿ. ‘522/521’ ಎಂಬ ಜೋಡಿ ಅಂಕೆ ಬರುವುದು ಅದಕ್ಕೇ. ದೊರೆ ನಡುವರ್ಷದಲ್ಲಿ ಪಟ್ಟವೇರಿದರೆ ಉಳಿದ ತಿಂಗಳುಗಳು ‘ಪಟ್ಟಾರೋಹಣ ವರ್ಷ’, ಮುಂದಿನ ಹೊಸ ವರ್ಷದಿಂದ ಅವನ 1ನೇ ವರ್ಷ. ಇದನ್ನು ಮರೆತು ಎಣಿಸಿದರೆ ಇಡೀ ಆಳ್ವಿಕೆ ಒಂದು ವರ್ಷ ಹಿಂದಕ್ಕೋ ಮುಂದಕ್ಕೋ ಜಾರುತ್ತದೆ.